ನಾನು ಕೆಡಿಸಿದ ಅಡಿಗೆಮನೆ

ನಮ್ಮ ವಾಗದರಿಯ ಏಳೆಂಟು ಮಂದಿ ಈಗ ಚಿಂಚೋಳಿ ಎಂಐಡಿಸಿಯ ಕಾರ್ಖಾನೆಗಳಲ್ಲಿ ಗೌಂಡಿ ಕೆಲಸ ಮಾಡುತ್ತಾರೆ. ವಾರಕ್ಕೊಮ್ಮೆ ಊರಿಗೆ ಬಂದಾಗ ನನ್ನ ಹತ್ತಿರ ಕೂಡುತ್ತಾರೆ. ಅವರು ಕಟ್ಟುವುದೆಲ್ಲ ಹೊಸದು. ಖಾಲಿ ಜಾಗ, ಕಂಪನಿಯ ನಕ್ಷೆ, ಲಾರಿಯಲ್ಲಿ ಬಂದಿಳಿಯುವ ಸಿಮೆಂಟು. ಒಮ್ಮೊಮ್ಮೆ ಯಾರಾದರೂ ಹಳೆಯ ಮನೆ ರಿಪೇರಿಗೆ ಕರೆದರೆ ಮಾತ್ರ ಕಕ್ಕಾ, ಎಲ್ಲಿಂದ ಕೈ ಹಚ್ಚಬೇಕು ಎಂದು ಕೇಳುತ್ತಾರೆ. ಬಾಯಿಮಾತಿನಲ್ಲಿ ಹೇಳಿ ಹೇಳಿ ಸಾಕಾಗಿ ಬರೆಯಲು ಕುಳಿತಿದ್ದೇನೆ. ನಾನು ಕಲಿತದ್ದು ಕನ್ನಡ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ. ಇವರಲ್ಲಿ ಅರ್ಧ ಜನ ಓದಿದ್ದು ಮರಾಠಿ. ಓದಲು ಬಾರದವರಿಗೆ ಬಂದವರು ಓದಿ ಹೇಳಲಿ.

ನಾನು ಯಾವಾಗ ಮೇಸ್ತ್ರಿಯಾದೆ, ಎಷ್ಟು ಮನೆ ಕಟ್ಟಿದೆ ಎಂಬುದನ್ನು ಬರೆಯುವುದಿಲ್ಲ. ಅದರಿಂದ ಯಾರೂ ಏನೂ ಕಲಿಯುವುದಿಲ್ಲ. ನನಗೆ ಕೆಲಸ ಕಲಿಸಿದ್ದು ಅಕ್ಕಲಕೋಟೆಯ ಒಂದು ವಾಡೆ, ಹಳೆಯ ಕಾಲದ ದೊಡ್ಡ ಮನೆ, ಅದರಲ್ಲೂ ಅದರ ಅಡಿಗೆಮನೆ. ಆ ಮನೆಯ ಕತೆಯನ್ನೇ ಹೇಳುತ್ತೇನೆ.

ಆಗ ನನಗೆ ಇಪ್ಪತ್ತೆಂಟು ವರ್ಷ. ಅಕ್ಕಲಕೋಟೆ ಸಂಸ್ಥಾನ ವಿಲೀನವಾಗಿ ಕೆಲವು ವರ್ಷಗಳಾಗಿದ್ದವು. ನಮ್ಮದು ಕುರಿ ಕಾಯುವ ಮನೆತನ. ಅಪ್ಪ ಕುಲದೇವರು ಬೀರೋಬಾನ ಹೆಸರನ್ನೇ ನನಗಿಟ್ಟು, ಬೀರಪ್ಪ ಎಂದು ಕರೆದು, ಕುರಿಯ ಹಿಂದೆ ಕಳಿಸಿದ್ದ. ನಾನು ಕುರಿ ಬಿಟ್ಟು ಸೊಲ್ಲಾಪುರಕ್ಕೆ ಹೋಗಿ ಹುಸೇನಸಾಬ ಮೇಸ್ತ್ರಿಯ ಕೈಕೆಳಗೆ ಸೇರಿದ್ದೆ. ಮಿಲ್ಲು ಕಾರ್ಮಿಕರ ಚಾಳುಗಳ ಗೋಡೆಗೆ ಗಿಲಾವು ಮಾಡುವುದು ನಮ್ಮ ಕೆಲಸ. ಮೇಸ್ತ್ರಿಗೆ ಅರವತ್ತು ದಾಟಿತ್ತು, ಕಣ್ಣಿಗೆ ಪೊರೆ ಬರುತ್ತಿತ್ತು. ಆದರೂ ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದು ಒಳಗೆ ಕಲ್ಲಿದೆಯೋ ಮಣ್ಣಿದೆಯೋ ಪೊಳ್ಳಿದೆಯೋ ಹೇಳುತ್ತಿದ್ದರು. ನಾನು ಮೊದಮೊದಲು ಅದನ್ನು ಗತ್ತು ಎಂದುಕೊಂಡಿದ್ದೆ.

ಸೊಲ್ಲಾಪುರದಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಿದ್ದ ಗುರುಪಾದಪ್ಪ ಸಾವಕಾರರ ವಾಡೆ ಅಕ್ಕಲಕೋಟೆಯಲ್ಲಿತ್ತು. ಅವರ ಅಜ್ಜ ಕಟ್ಟಿಸಿದ್ದು. ಮೂರು ಜನ ಅಣ್ಣತಮ್ಮಂದಿರ ಹೆಂಡಿರು ಮಕ್ಕಳೆಲ್ಲ ಅಲ್ಲಿಯೇ ಇದ್ದರು. ಸಾವಕಾರರು ವಾರದಲ್ಲಿ ಎರಡು ದಿನ ಬಂದು ಹೋಗುತ್ತಿದ್ದರು. ಮನೆಯನ್ನು ಪೂರ್ತಿ ರಿಪೇರಿ ಮಾಡಬೇಕು, ಆದರೆ ಯಾರೂ ಮನೆ ಬಿಡುವುದಿಲ್ಲ, ಒಂದೊಂದೇ ಕೋಣೆ ಮಾಡುತ್ತಾ ಹೋಗಬೇಕು ಎಂದು ಅವರು ಮೇಸ್ತ್ರಿಗೆ ಹೇಳಿದರು. ಮೇಸ್ತ್ರಿ ಒಪ್ಪಿದರು. ಸೊಲ್ಲಾಪುರದ ಇಬ್ಬರು ಗೌಂಡಿಗಳನ್ನೂ ನನ್ನನ್ನೂ ಕರೆದುಕೊಂಡು ಬಂದರು.

ಮೊದಲ ಮೂರು ದಿನ ಅವರು ನಮ್ಮಿಂದ ಒಂದು ಕಲ್ಲನ್ನೂ ಎತ್ತಿಸಲಿಲ್ಲ. ಮಾಳಿಗೆಯ ಮೇಲೆ ಕೊಡಗಟ್ಟಲೆ ನೀರು ಸುರುವಿಸಿ, ಅದು ಯಾವ ಕಡೆ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಒಳಗೆ ಯಾವ ಜಂತಿಯಿಂದ ತೊಟ್ಟಿಕ್ಕುತ್ತದೆ ಎಂದು ನೋಡುತ್ತಾ ಕೂಡ್ರಿಸಿದರು. ನನಗೆ ಬೇಸರ. ಜನ ನಮ್ಮನ್ನು ನೋಡಿ ನಗುತ್ತಾರೆ ಎಂದು ಹೇಳಿದೆ. ಮನೆಯಲ್ಲಿ ಜನ ಇರುವಾಗ ಗೋಡೆಗೆ ಕೈ ಹಚ್ಚುವುದೆಂದರೆ ಉಣ್ಣುತ್ತಿರುವವನ ಹಲ್ಲು ಕಿತ್ತಂತೆ, ಮೊದಲು ಗುರುತು ಹಿಡಿಯಬೇಕು ಎಂದು ಮೇಸ್ತ್ರಿ ಅಂದರು. ಮೇಲಿನ ಬಿಳಿಮಣ್ಣು ಬದಲಿಸಿ ಮಾಳಿಗೆ ಭದ್ರ ಮಾಡಿದ ಮೇಲೆಯೇ ನಾವು ಕೆಳಗೆ ಇಳಿದದ್ದು.

ಪಡಸಾಲೆಯ ಕೆಲಸ ಸಲೀಸಾಗಿ ಆಯಿತು. ಅಲ್ಲಿಯ ಒಂದು ಕಂಬದ ಬುಡ ಕೊಳೆತಿತ್ತು. ತೊಲೆಯ ಆಸರೆಗೆ ಎರಡೂ ಕಡೆ ಟೇಕು ನಿಲ್ಲಿಸಿ, ಬೆಣೆ ಬಡಿದು, ಕೂದಲೆಳೆಯಷ್ಟು ಮೇಲೆತ್ತಿ, ಹಳೆಯ ಕಂಬ ತೆಗೆದು ಹೊಸದನ್ನು ಕೂಡ್ರಿಸಿದೆವು. ಬೆಣೆ ಬಡಿಯುವಾಗ ಮೇಸ್ತ್ರಿ ತೊಲೆಗೆ ಕಿವಿ ಹಚ್ಚಿ ನಿಂತಿದ್ದರು. ಗೋಡೆಯ ಹಳೆಯ ಸುಣ್ಣ ಕೆರೆಯುವಾಗ ಒಂದರ ಕೆಳಗೊಂದು ಬಣ್ಣಗಳು ಬಂದವು. ಬಿಳಿ, ಅದರ ಕೆಳಗೆ ನೀಲಿ, ನೀಲಿಯ ಕೆಳಗೆ ಹಸಿರು. ಸಾವಕಾರರು ಬಂದು ಹಸಿರಿನ ಮೇಲೆ ಕೈಯಿಟ್ಟು, ತಾವು ಚಿಕ್ಕವರಿದ್ದಾಗ ಮುಂಜಾಣ ಎಂಬ ಕುದುರೆಯನ್ನು ಈ ಗೋಡೆಗೇ ಕಟ್ಟುತ್ತಿದ್ದರೆಂದೂ ಅದು ಸುಣ್ಣ ನೆಕ್ಕುತ್ತಿತ್ತೆಂದೂ ಹೇಳಿ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಆಗೊಮ್ಮೆ ಮಾತ್ರ.

ಆ ಮನೆಯ ಅಡಿಗೆಮನೆ ನೋಡಿಕೊಳ್ಳುತ್ತಿದ್ದವರು ಸಾವಕಾರರ ಅಕ್ಕ ನೀಲವ್ವನವರು. ಚಿಕ್ಕ ವಯಸ್ಸಿನಲ್ಲಿಯೇ ಗಂಡ ತೀರಿಕೊಂಡು ತವರಿಗೆ ಬಂದವರು. ಐವತ್ತೈದರ ಆಸುಪಾಸು. ಮಕ್ಕಳೆಲ್ಲ ಅತ್ತಿ ಎನ್ನುತ್ತಿದ್ದರು, ನಾವು ಅಕ್ಕಾರ ಎನ್ನುತ್ತಿದ್ದೆವು. ಹದಿನೆಂಟು ಜನರಿಗೆ ರೊಟ್ಟಿ ಬಡಿದು, ನಮಗೂ ಅದೇ ಬುಟ್ಟಿಯಿಂದ ಹಾಕುತ್ತಿದ್ದರು. ಕಡಿಮೆ ಮಾತು. ಹೊಸಿಲು ದಾಟಿ ಓಣಿಗೆ ಹೋದದ್ದನ್ನು ಕಂಡಿರಲಿಲ್ಲ.

ದೇವರ ಮನೆ ಮುಗಿಯುವ ಹೊತ್ತಿಗೆ ಮೇಸ್ತ್ರಿಯ ಕಣ್ಣು ಪೂರಾ ಮಂಜಾಯಿತು. ಅವರ ಮಗಳು ಸೊಲ್ಲಾಪುರಕ್ಕೆ ಕರೆಸಿಕೊಂಡು ಆಪರೇಶನ್ ಮಾಡಿಸಲು ನಿಂತಳು. ಹೋಗುವ ದಿನ ಅವರು ನನ್ನನ್ನು ಅಡಿಗೆಮನೆಗೆ ಕರೆದುಕೊಂಡು ಹೋಗಿ, ಬಚ್ಚಲ ಕಡೆಯ ಗೋಡೆ ಬಡಿದು ತೋರಿಸಿದರು. ಹೊರಗೆ ಕಲ್ಲು, ಒಳಗೆ ಮಣ್ಣು, ಬುಡದಲ್ಲಿ ಬಚ್ಚಲ ತೇವ. ಇದಕ್ಕೆ ಅರೆದ ಸುಣ್ಣವೇ ಆಗಬೇಕು, ಅವಸರ ಬೇಡ ಎಂದರು. ಹೂಂ ಎಂದೆ.

ನನ್ನ ತಲೆಯಲ್ಲಿ ಬೇರೆಯೇ ಇತ್ತು. ಸುಣ್ಣವೆಂದರೆ ಗಾಣಕ್ಕೆ ಎತ್ತು ಕಟ್ಟಿ ಮರಳಿನ ಜೊತೆ ದಿನಗಟ್ಟಲೆ ಅರೆಯಬೇಕು, ಬೆಲ್ಲದ ನೀರು ಬೆರೆಸಬೇಕು, ಕೊಳೆಹಾಕಬೇಕು. ಸಿಮೆಂಟು ಆಗಿನ್ನೂ ಪರಮಿಟ್ಟಿನ ಮೇಲೆ ಸಿಗುತ್ತಿದ್ದ ಸಾಮಾನು. ಸಾವಕಾರರು ಹೇಗೋ ಮಾಡಿ ಕೆಲವು ಚೀಲ ತರಿಸಿದ್ದರು. ಬಚ್ಚಲಿನ ನೆಲಕ್ಕೆಂದು ತಂದದ್ದು. ನಾನು ಅಡಿಗೆಮನೆಗೂ ಅದನ್ನೇ ಬಡಿಯೋಣ, ಕಲ್ಲಿನಂತಾಗುತ್ತದೆ, ಮಳೆಗಾಲದೊಳಗೆ ಮುಗಿಯುತ್ತದೆ ಎಂದೆ. ಸಾವಕಾರರಿಗೂ ಹೊಸದರ ಹುರುಪು. ಎಂಟು ದಿನದಲ್ಲಿ ಗೋಡೆ ಕನ್ನಡಿಯಂತೆ ನುಣುಪಾಯಿತು. ಬೀದಿಯ ಜನ ಬಂದು ಮುಟ್ಟಿ ಮುಟ್ಟಿ ನೋಡಿ ಹೋದರು. ಮೇಸ್ತ್ರಿ ಬಂದು ನೋಡಿದರೆ ಏನನ್ನಬಹುದು ಎಂದು ನಾನು ಒಳಗೊಳಗೇ ಉಬ್ಬಿದ್ದೆ. ಹೊಸ ಗೌಂಡಿಗಳು ಇದನ್ನು ಗಮನಿಸಬೇಕು. ನನಗೆ ಸುಣ್ಣದ ಕೆಲಸ ಬರುತ್ತಿರಲಿಲ್ಲ ಎಂದಲ್ಲ, ಬರುತ್ತಿತ್ತು. ಆದರೆ ನಾನು ಮಾಡಿದ್ದು ಗೋಡೆಗೆ ಬೇಕಾದದ್ದನ್ನಲ್ಲ, ನನಗೆ ಬೇಕಾದದ್ದನ್ನು.

ಮಳೆಗಾಲ ಬಂತು. ಆ ವರ್ಷ ಮಳೆ ಜೋರಾಗಿತ್ತು. ನಾವು ಹಿಂದಿನ ಕೋಣೆಗಳಲ್ಲಿ ಕೆಲಸ ಮಾಡುತ್ತಿದ್ದೆವು. ಒಂದು ದಿನ ಊಟಕ್ಕೆ ಹಾಕುವಾಗ ನೀಲವ್ವಕ್ಕ, ಗೋಡೆಯ ಒಳಗೆ ಏನೋ ಸುರಿದ ಹಾಗೆ ಸಪ್ಪಳ ಬರುತ್ತದೆ, ಒಲೆ ಹಚ್ಚುವ ಮೊದಲು, ಮನೆ ಸದ್ದಿಲ್ಲದೆ ಇದ್ದಾಗ ಕೇಳಿಸುತ್ತದೆ ಎಂದರು. ಇಲಿ ಇರಬೇಕು ಎಂದೆ. ಹದಿನೈದು ದಿನ ಬಿಟ್ಟು ಮತ್ತೆ ಹೇಳಿದರು.

“ಬೀರಪ್ಪಾ, ಇಲಿ ಓಡಾಡಿದ್ರ ಆಕಡಿಂದ ಈಕಡಿ ಸಪ್ಪಳ ಆಗ್ತದ. ಇದು ಮ್ಯಾಲಿಂದ ತಳಗ ಒಂದಾ ಸವನ ಇಳೀತದ. ಒಮ್ಮಿ ಬಂದು ಕೇಳು.”

ನಾನು ಹೋಗಿ ನುಣುಪಾದ ಗೋಡೆ ನೋಡಿದೆ. ಒಂದು ಕೂದಲಿನಷ್ಟೂ ಬಿರುಕಿಲ್ಲ. ಬಡಿದು ನೋಡಲಿಲ್ಲ. ಸಿಮೆಂಟಿಗೆ ಏನೂ ಆಗೂದಿಲ್ರಿ ಅಕ್ಕಾರ ಎಂದು ಹೇಳಿ ಬಂದೆ. ನನ್ನ ಮಾತು ನಿಜವೇ ಆಗಿತ್ತು. ಸಿಮೆಂಟಿಗೆ ಏನೂ ಆಗಿರಲಿಲ್ಲ.

ಅದರ ಹಿಂದೆ ನಡೆದದ್ದು ಇಷ್ಟು. ಬಚ್ಚಲ ತೇವ ಮೊದಲೆಲ್ಲ ಸುಣ್ಣದ ಮೂಲಕ ಹೊರಗೆ ಆರಿ ಹೋಗುತ್ತಿತ್ತು. ನಾನು ಆ ದಾರಿ ಮುಚ್ಚಿದ್ದೆ. ಮಾಳಿಗೆಯ ಅಂಚಿನಿಂದ ಹೊರಗೋಡೆಗೆ ಇಳಿದು ಕಲ್ಲಿನ ಸಂದಿಗೆ ಸೇರಿದ ಮಳೆನೀರು ಕೂಡ ಒಳಗೇ ಉಳಿಯಿತು. ಗೋಡೆಯ ಹೊಟ್ಟೆಯಲ್ಲಿದ್ದ ಮಣ್ಣು ರಾಡಿಯಾಗಿ ದಿನಾ ಸ್ವಲ್ಪ ಸ್ವಲ್ಪ ಕೆಳಗೆ ಕುಸಿಯುತ್ತಿತ್ತು. ಮೇಲೆ ತೊಲೆಯ ತುದಿ ಪೊಳ್ಳಿನ ಮೇಲೆ ಕುಳಿತಿತ್ತು. ಹೊರಗಿನಿಂದ ನೋಡಿದವರಿಗೆ ಕನ್ನಡಿಯಂಥ ಗೋಡೆ.

ಮಳೆ ನಿಂತು ಬಿಸಿಲು ಬಿದ್ದ ಒಂದು ಮಧ್ಯಾಹ್ನ ನೀಲವ್ವಕ್ಕ ಯಾರನ್ನೂ ಕೇಳದೆ ಮಕ್ಕಳ ತಾಟುಗಳನ್ನೆಲ್ಲ ಅಂಗಳಕ್ಕೆ ತಂದಿಟ್ಟರು. ದಿನಾ ಮನೆಯ ಆರು ಮಕ್ಕಳು ಉಣ್ಣಲು ಕೂಡುತ್ತಿದ್ದದ್ದು ಆ ಗೋಡೆಗೆ ಬೆನ್ನು ಹಚ್ಚಿ. ತಮ್ಮನ ಹೆಂಡತಿ ಯಾಕೆಂದು ಕೇಳಿದ್ದಕ್ಕೆ ಒಳಗೆ ಹೊಗೆ ಆಗಿದೆ ಎಂದಷ್ಟೇ ಹೇಳಿದರಂತೆ. ನಾನು ಹಿಂದಿನ ಕೋಣೆಯಲ್ಲಿ ಕರಣಿ ಹಿಡಿದು ನಿಂತಿದ್ದೆ. ಮೊದಲು ಮರ ಮುರಿದಂಥ ಸದ್ದು, ಆಮೇಲೆ ಭಾರವಾದದ್ದೇನೋ ಕೂತ ಹಾಗೆ ನೆಲ ಅದುರಿತು. ಓಡಿ ಬಂದರೆ ಅಡಿಗೆಮನೆಯ ಬಾಗಿಲಿನಿಂದ ಧೂಳು ಮಾತ್ರ ಹೊರಗೆ ಬರುತ್ತಿತ್ತು. ತೊಲೆಯ ಒಂದು ತುದಿ ಒಲೆಯ ಮೇಲೆ ಬಿದ್ದಿತ್ತು. ನನ್ನ ಸಿಮೆಂಟಿನ ಪದರು ಒಡೆಯದೆ ಹಲಗೆಯಂತೆ ಇಡಿಯಾಗಿ ಕಳಚಿ, ಮಕ್ಕಳು ಕೂಡುವ ಜಾಗದ ಮೇಲೆ ಮಲಗಿತ್ತು.

ಅಂಗಳದಲ್ಲಿ ಮಕ್ಕಳು ತುತ್ತು ಕೈಯಲ್ಲಿ ಹಿಡಿದು ಕೂತಿದ್ದರು. ನೀಲವ್ವಕ್ಕ ಒಬ್ಬೊಬ್ಬರ ತಲೆ ಮುಟ್ಟಿ ಎಣಿಸುತ್ತಿದ್ದರು. ಆರು ಎಂದ ಮೇಲೆ ಮತ್ತೆ ಮೊದಲಿನಿಂದ ಎಣಿಸಿದರು. ಇಷ್ಟು ವರ್ಷಗಳಾದರೂ ಆ ಎಣಿಕೆ ನನ್ನ ಕಿವಿಯಲ್ಲಿದೆ.

ಸಾವಕಾರರು ಮರುದಿನ ಸೊಲ್ಲಾಪುರದಿಂದ ಬಂದರು. ಬಿದ್ದದ್ದನ್ನೆಲ್ಲ ನೋಡಿ ಪಡಸಾಲೆಯಲ್ಲಿ ಕುಳಿತರು. ಮನೆಯವರೆಲ್ಲ ನಿಂತಿದ್ದರು. ಅವರಿಗೆ ನನ್ನ ಮೇಲೆ ಸಂಶಯವೇ ಇರಲಿಲ್ಲ. ತೊಲೆ ಅಜ್ಜನ ಕಾಲದ್ದು, ಹುಳ ಹಿಡಿದಿರಬೇಕು, ಯಾರೇನು ಮಾಡಲು ಬರುತ್ತದೆ ಎಂದು ಅವರೇ ಅಂದರು. ನನ್ನ ಜೊತೆಗಿದ್ದ ಇಬ್ಬರೂ ಗೌಂಡಿಗಳು ಹೌದೆಂದು ಗೋಣು ಹಾಕಿದರು. ನಾನೂ ಗೋಣು ಹಾಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನೀಲವ್ವಕ್ಕ ಬಾಗಿಲ ಹತ್ತಿರ ಇದ್ದರು. ಎರಡು ಸಲ ಹೇಳಿದ್ದೆ ಎಂದು ಅವರು ಒಂದು ಮಾತು ಆಡಬಹುದಿತ್ತು, ಆಡಲಿಲ್ಲ. ನನ್ನನ್ನು ನೋಡಲೂ ಇಲ್ಲ. ಅವರು ದೂರಿದ್ದರೆ ನಾನು ವಾದ ಮಾಡುತ್ತಿದ್ದೆನೇನೋ. ಆ ಸುಮ್ಮನಿರುವಿಕೆಯ ಮುಂದೆ ನನಗೆ ಸುಳ್ಳು ಹೇಳಲು ಆಗಲಿಲ್ಲ.

“ತೊಲಿದು ತಪ್ಪಲ್ರಿ ಸಾವಕಾರ್ರ,” ಎಂದೆ. “ತಪ್ಪು ನಂದು. ಮೇಸ್ತ್ರಿ ಸುಣ್ಣ ಹಚ್ಚು ಅಂದಿದ್ರು, ನಾ ಸಿಮೆಂಟ ಬಡದೆ. ಅಕ್ಕಾರು ಎರಡ ಸಲ ಹೇಳಿದ್ರು, ನಾ ಕೇಳಲಿಲ್ಲ.”

ಸಾವಕಾರರು ಮೆಲ್ಲಗೆ, ನಿನ್ನ ಸಾಮಾನು ತಗೊಂಡು ಹೋಗು ಎಂದರು. ಬೈಯಲಿಲ್ಲ. ನಾನು ಕರಣಿ, ತೂಗುಗುಂಡು ಚೀಲಕ್ಕೆ ಹಾಕಿಕೊಂಡು ವಾಗದರಿಗೆ ನಡೆದೆ. ಬಸ್ಸು ಹತ್ತಲು ಮನಸ್ಸಾಗಲಿಲ್ಲ.

ಊರಲ್ಲಿ ನಾಲ್ಕು ದಿನ ಅಪ್ಪನ ಕುರಿಯ ಹಿಂದೆ ತಿರುಗಿದೆ. ಅಪ್ಪ ಒಂದು ಕಂಬಳಿ ಕೊಟ್ಟ. ಐದನೆಯ ದಿನ ಸೊಲ್ಲಾಪುರಕ್ಕೆ ಹೋಗಿ ಮೇಸ್ತ್ರಿಯ ಮುಂದೆ ನಿಂತೆ. ಅವರ ಎರಡನೆಯ ಕಣ್ಣಿಗೆ ಇನ್ನೂ ಪಟ್ಟಿ ಇತ್ತು. ಗೋಡೆಗೆ ಮಾಡಿದ್ದನ್ನೂ ಅದು ಬಿದ್ದದ್ದನ್ನೂ ಹೇಳಿದೆ. ಯಾರಿಗಾದರೂ ಪೆಟ್ಟಾಯಿತೇ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ಕೂತುಕೋ ಎಂದು ಮಗಳಿಗೆ ಚಹಾ ತರಲು ಹೇಳಿದರು. ಚಹಾ ಕುಡಿದು ಮುಗಿಸಿ, ತಪ್ಪು ನಿನ್ನದೆಂದು ಸಾವಕಾರರಿಗೆ ಯಾರು ಹೇಳಿದರು ಎಂದು ಕೇಳಿದರು.

“ನಾನಾ ಹೇಳಿದೆ ಮೇಸ್ತ್ರಿ.”

“ಹಂಗಾದ್ರ ಅರ್ಧಾ ಕಾಮ್ ಆತು ಬೇಟಾ. ಬಾಕಿ ಅರ್ಧಾ ಗ್ವಾಡೀದು, ಅದನ್ನ ಕಲಿಸಬಹುದು.”

ಕಲಿಸಲು ಗೋಡೆಯೇ ಇರಲಿಲ್ಲ. ಸಾವಕಾರರು ಬೇರೆ ಗೌಂಡಿಯನ್ನು ಗೊತ್ತುಮಾಡಿದ್ದಾರೆಂದು ಸುದ್ದಿ ಬಂದಿತ್ತು. ನಾನು ಮತ್ತೆ ಚಾಳುಗಳ ಕೆಲಸಕ್ಕೆ ನಿಂತೆ. ಕೆಲವು ವಾರ ಕಳೆದ ಮೇಲೆ ಅಕ್ಕಲಕೋಟೆಯ ಸಂತೆಗೆ ಹೋಗಿ ಬಂದ ನಮ್ಮೂರವನೊಬ್ಬ ಸೊಲ್ಲಾಪುರದಲ್ಲಿ ನನ್ನನ್ನು ಹುಡುಕಿಕೊಂಡು ಬಂದ. ನೀಲವ್ವಕ್ಕ ಹೇಳಿಕಳಿಸಿದ್ದರು. ಹೊಸ ಗೌಂಡಿ ಬಂದ ದಿನ ಅವರು ಅಡಿಗೆಮನೆಯ ಬಾಗಿಲಿಗೆ ಅಡ್ಡ ಕುಳಿತರಂತೆ. ಅಂಗಳದಲ್ಲಿ ತಗಡಿನ ಕೆಳಗೆ ಮೂರು ಕಲ್ಲು ಹೂಡಿ ಅಡಿಗೆ ಮಾಡುತ್ತಿದ್ದಾರೆ, ಬೀರಪ್ಪ ಬರುವ ತನಕ ಇಲ್ಲೇ ಬೇಯಿಸುತ್ತೇನೆ ಎನ್ನುತ್ತಾರೆ ಎಂದು ಆತ ಹೇಳಿದ. ಸಾವಕಾರರು ಎಷ್ಟು ಹೇಳಿದರೂ ಕೇಳಲಿಲ್ಲವಂತೆ.

ಮೇಸ್ತ್ರಿಯೂ ನಾನೂ ಮರುದಿನವೇ ಹೊರಟೆವು. ಸಾವಕಾರರ ಮುಖದಲ್ಲಿ ಇನ್ನೂ ಗಂಟಿತ್ತು. ನೀಲವ್ವಕ್ಕ ತಮ್ಮನ ಎದುರಿಗೇ ನನಗೆ ಹೇಳಿದರು.

“ಕೆಡಿಸಿದಂವಗ ಎಲ್ಲಿ ಕೆಟ್ಟದ ಅಂಬೂದು ಗೊತ್ತಿರ್ತದ. ಹೊಸಬ ಬಂದ್ರ ಅವನೂ ಮೊದಲಿಂದ ಕಲೀಬೇಕು. ನನಗ ಇನ್ನೊಮ್ಮಿ ಮಕ್ಕಳನ ಎಣಸಾಕ ಆಗೂದಿಲ್ಲ.”

ಈ ಮಾತನ್ನು ಕ್ಷಮೆ ಎಂದು ನಾನು ತಿಳಿಯಲಿಲ್ಲ. ಕೆಲಸ ಕೊಟ್ಟದ್ದು ಎಂದು ತಿಳಿದೆ. ಅದರ ಋಣ ನನ್ನ ಮೇಲೆ ಇಂದಿಗೂ ಇದೆ.

ಗೋಡೆಯನ್ನು ಬುಡದಿಂದ ಎತ್ತಿದೆವು. ಮೊದಲು ಬಚ್ಚಲ ನೀರಿಗೆ ಚಪ್ಪಟೆ ಫರಸಿಕಲ್ಲಿನ ಕಾಲುವೆ ಮಾಡಿ ಹೊರಗೆ ಹಾಯಿಸಿದೆವು. ಸುಣ್ಣ ಅರೆಯುವಾಗ ಮೇಸ್ತ್ರಿ ಗಾಣದ ಹತ್ತಿರ ಕುಳಿತು, ಚಿಟಿಕೆ ಸುಣ್ಣವನ್ನು ಬೆರಳಲ್ಲಿ ತಿಕ್ಕಿ ಇನ್ನೂ ಅರೆ, ಇನ್ನೂ ಅರೆ ಎನ್ನುತ್ತಿದ್ದರು. ಮೊಳದೆತ್ತರ ಏರಿದಾಗೊಮ್ಮೆ ನನ್ನ ಕಣ್ಣು ಮುಚ್ಚಿಸಿ ಗೋಡೆ ಬಡಿಸಿದರು. ಎಷ್ಟೋ ಸಲ ತಪ್ಪು ಹೇಳಿದೆ. ಒಂದು ದಿನ ಮೂರನೆಯ ವರಸೆಯಲ್ಲಿ ಒಂದು ಕಲ್ಲು ಸಡಿಲಿದೆ ಎಂದೆ. ಕಿತ್ತು ನೋಡಿದರೆ ನಿಜವಾಗಿತ್ತು. ಮೇಸ್ತ್ರಿ ನನ್ನ ಕೈಯನ್ನು ಹಿಡಿದು ಅದರ ಗೆಣ್ಣುಗಳನ್ನು ಸವರಿದರು. ಅದಕ್ಕಿಂತ ದೊಡ್ಡ ಶಾಭಾಸಕಿ ನನಗೆ ಯಾರಿಂದಲೂ ಸಿಕ್ಕಿಲ್ಲ. ಕೆಲಸ ನಡೆದಾಗ ನೀಲವ್ವಕ್ಕ ದಿನಾ ಬೆಳಿಗ್ಗೆ ಬಂದು ಗೋಡೆಗೆ ಕಿವಿ ಹಚ್ಚಿ ಹೋಗುತ್ತಿದ್ದರು. ಮುಗಿದ ದಿನವೂ ಹಚ್ಚಿದರು. ಸಪ್ಪಳಿಲ್ಲ ಎಂದು ಹೇಳಿ ಒಲೆ ಹೂಡಲು ಮಣ್ಣು ಕಲಸಿದರು.

ಸಿಮೆಂಟು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಆಮೇಲೆ ಜೀವಮಾನವೆಲ್ಲ ಅದರಲ್ಲೇ ಕೆಲಸ ಮಾಡಿದ್ದೇನೆ. ಗೋಡೆಯ ಒಳಗಿರುವುದು ಏನು ಎಂದು ತಿಳಿದು ಮೇಲಿನದನ್ನು ಹಚ್ಚಬೇಕು. ಮನೆಯಲ್ಲಿ ಇರುವವರು, ಅದರಲ್ಲೂ ಇಡೀ ದಿನ ಒಳಗೇ ಇರುವ ಹೆಂಗಸರು, ಗೋಡೆಯ ಬಗ್ಗೆ ಏನಾದರೂ ಹೇಳಿದರೆ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಹೋಗಿ ನೋಡಬೇಕು. ನಾವು ಆ ಗೋಡೆಯ ಜೊತೆ ಎಂಟು ದಿನ ಇರುತ್ತೇವೆ, ಅವರು ಮೂವತ್ತು ವರ್ಷ ಇದ್ದವರು.

ಇನ್ನು ಕೊನೆಯ ಕೋಣೆ. ಸಾವಕಾರರು ಕೊಟ್ಟ ಯಾದಿಯಲ್ಲಿ ಎಲ್ಲ ಕೋಣೆಗಳೂ ಮುಗಿದಿದ್ದವು. ನೀಲವ್ವಕ್ಕ ಮಲಗುತ್ತಿದ್ದ ಕೋಣೆ ಯಾದಿಯಲ್ಲಿ ಇರಲೇ ಇಲ್ಲ. ಅದು ಓಣಿಯ ಕಡೆಗಿದ್ದ ಹಳೆಯ ಉಗ್ರಾಣ. ಕಾಳಿನ ಚೀಲಗಳ ನಡುವೆ ಒಂದು ಹೊರಸು, ಒಂದು ಟ್ರಂಕು. ಕಿಟಕಿ ಇಲ್ಲ, ಮಾಳಿಗೆಯಲ್ಲಿ ಬೆಳಕಿಂಡಿಯೂ ಇಲ್ಲ. ಹಗಲಲ್ಲೂ ಚಿಮಣಿ ಹಚ್ಚಿ ಕೌದಿ ಹೊಲಿಯುತ್ತಿದ್ದರು. ಒಂದು ವರ್ಷ ಆ ಮನೆಯಲ್ಲಿ ಉಂಡ ನಾನು ಅದರೊಳಗೆ ಕಾಲಿಟ್ಟದ್ದು ಅಂದೇ ಮೊದಲು, ಅದೂ ಗೋಡೆಯ ತೇವ ನೋಡಲು.

ಮೇಸ್ತ್ರಿಯೂ ನಾನೂ ಮಾತಾಡಿಕೊಂಡೆವು. ಕೂಲಿ ಬೇಡ, ಒಂದು ಕಿಟಕಿ ಇಟ್ಟು ಹೋಗೋಣ ಎಂದು. ಸಾವಕಾರರಿಗೆ ಹೇಳಿದಾಗ ಅವರು ಬೇಡ ಎಂದರು. ಓಣಿಗೆ ಮುಖ ಮಾಡಿದ ಗೋಡೆ, ಆ ಕೋಣೆಯಲ್ಲಿ ಅಕ್ಕ ಒಬ್ಬರೇ ಇರುವವರು, ಮಂದಿ ಏನಂದಾರು ಎಂದು ಅವರ ಅಳುಕು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಆ ಕಾಲದ ರೀತಿಯೇ ಹಾಗಿತ್ತು. ಮೇಸ್ತ್ರಿ ಮಂದಿಯ ಮಾತನ್ನೇ ಎತ್ತಲಿಲ್ಲ. ಸಾವಕಾರರ ಕೈ ಹಿಡಿದು ಆ ಗೋಡೆಯ ಬುಡಕ್ಕೆ ಒಯ್ದು ಮುಟ್ಟಿಸಿದರು. ಕೈಗೆ ತಣ್ಣಗೆ ಹತ್ತಿತು. ಗಾಳಿ ಆಡದಿದ್ದರೆ ಇದೂ ಅಡಿಗೆಮನೆಯ ದಾರಿಯನ್ನೇ ಹಿಡಿಯುತ್ತದೆ ಎಂದರು. ಅದು ನೆಪವಲ್ಲ, ನಿಜವಾಗಿಯೂ ಹಾಗೇ ಇತ್ತು. ಸಾವಕಾರರು ಒದ್ದೆ ಕೈಯನ್ನು ನೋಡಿಕೊಂಡರು. ಆ ಕತ್ತಲೆಯ ಕೋಣೆಯನ್ನು ಒಮ್ಮೆ ಸುತ್ತ ನೋಡಿದರು. ಅವರೂ ಎಷ್ಟೋ ವರ್ಷಗಳಿಂದ ಅದರೊಳಗೆ ಬಂದಿರಲಿಲ್ಲ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಮಾಡ್ರಿ ಎಂದು ಹೇಳಿ ಹೊರಗೆ ಹೋದರು.

ನಾನು ಎದೆಯೆತ್ತರಕ್ಕೆ ಸುಣ್ಣದ ಗೆರೆ ಹಾಕಿದೆ. ಎಲ್ಲ ಕಿಟಕಿಗಳೂ ಇರುವುದು ಹಾಗೇ. ನೀಲವ್ವಕ್ಕ ಬಾಗಿಲಲ್ಲಿ ನಿಂತು ನೋಡಿ, ಮೊದಲ ಬಾರಿ ತಮಗಾಗಿ ಒಂದು ಮಾತು ಕೇಳಿದರು.

“ನಾ ನಿಂತು ಏನ್ ನೋಡ್ಲಿ ತಮ್ಮಾ? ನಿಂತಾಗೆಲ್ಲ ನನಗ ಕೆಲಸ ಇರ್ತದ. ಕುಂತಾಗ ಕಾಣೂಹಂಗ ಮಾಡು.”

ಅವರನ್ನು ಹೊಲಿಯಲು ಕೂಡುವ ಜಾಗದಲ್ಲಿ ಕೂಡ್ರಿಸಿ, ನೆಲದಿಂದ ಕಣ್ಣಿನ ಮಟ್ಟಕ್ಕೆ ದಾರ ಹಿಡಿದೆ. ಕಿಟಕಿಯ ಕಟ್ಟೆ ಅದರ ಕೆಳಗೆ ಒಂದು ಗೇಣು ಬರುವ ಹಾಗೆ ಗೋಡೆ ಬಿಡಿಸಿದೆವು. ಮೇಲೆ ಕಲ್ಲಿನ ಹಾಸು ಕೂಡ್ರಿಸಿ, ಕಬ್ಬಿಣದ ಸಳಿ ಹಾಕಿ, ಬಾಗಿಲು ಜೋಡಿಸಿದೆವು. ಅದಾದ ಮೇಲೆ ನಾನು ಯಾರ ಮನೆಯಲ್ಲಿ ಕಿಟಕಿ ಇಟ್ಟರೂ ಇಲ್ಲಿ ಯಾರು ಕೂಡುತ್ತಾರೆ ಎಂದು ಕೇಳದೆ ಗೆರೆ ಹಾಕಿಲ್ಲ.

ಕೆಲಸ ಮುಗಿದ ಮರುದಿನ ಬೆಳಿಗ್ಗೆ ಹಲಗೆ, ಬುಟ್ಟಿಗಳನ್ನು ತಲೆಬಾಗಿಲ ಮುಂದೆ ಓಣಿಯಲ್ಲಿ ನಿಂತ ಗಾಡಿಗೆ ಹೇರುತ್ತಿದ್ದೆ. ಸಾವಕಾರರು ಬಾಗಿಲಿನಿಂದ ಕಾಣುವ ಪಡಸಾಲೆಯಲ್ಲಿ ಪತ್ರ ಬರೆಯುತ್ತಿದ್ದರು. ಓಣಿಯಲ್ಲಿ ಪಲ್ಲೆ ಮಾರುವವಳು ಕೂಗುತ್ತಾ ಬಂದಳು. ಆಗ ಆ ಕಿಟಕಿಯಿಂದ, ನಾವು ಯಾರೂ ಅಷ್ಟು ಗಟ್ಟಿಯಾಗಿ ಎಂದೂ ಕೇಳದ ದನಿಯಲ್ಲಿ, ನೀಲವ್ವಕ್ಕ ಅವಳನ್ನು ನಿಲ್ಲಿಸಿದರು. ಸಾವಕಾರರ ಲೇಖಣಿ ನಿಂತಿತು. ಅವರು ತಲೆ ಎತ್ತಿ ಆ ಕಡೆ ಕಿವಿಗೊಟ್ಟರು. ಮೂವತ್ತು ವರ್ಷ ಆ ಮನೆಗೆ ಬಂದ ಕಾಯಿಪಲ್ಲೆಯನ್ನು ಬೇರೆ ಯಾರೋ ಆರಿಸಿ ತಂದಿದ್ದರು, ಬೇಯಿಸಿದ್ದು ಮಾತ್ರ ನೀಲವ್ವಕ್ಕ. ಪಲ್ಲೆಯವಳು ಸಳಿಯ ನಡುವಿನಿಂದ ಒಂದು ಮೆಂತೆಯ ಸಿವುಡು ಕೊಟ್ಟಳು. ನೀಲವ್ವಕ್ಕ ಅದನ್ನು ಬಿಚ್ಚಿ, ಒಳಗಿನ ಎಲೆ ನೋಡಿ, ಇದು ನಿನ್ನೆಯದು, ಬುಟ್ಟಿ ಇಳಿಸು, ನಾನೇ ಆರಿಸುತ್ತೇನೆ ಎಂದು ಹಿಂದಕ್ಕೆ ಕೊಟ್ಟರು.